ಸರ್ವಮಂಗಳಕ್ಕನ ಸೆಟ್ಟಿಂಗ್

ಅಕ್ಷರದ ಗಾತ್ರ ಎಪ್ಪತ್ತೆರಡು. ಹಿನ್ನೆಲೆ ಕಪ್ಪು. ಅಕ್ಷರದ ಬಣ್ಣ ಹಳದಿ. ಅದರ ಕೆಳಗಿನ ಸಾಲುಗಳೆಲ್ಲ ಒಡೆದುಹೋಗಿ ಬರೀ ಚೌಕಗಳಾಗಿದ್ದವು.

ಹೋದ ತಿಂಗಳು ಪಾವಗಡದ ಬಸ್ಸು ಮಧುಗಿರಿ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ಹಸಿ ಕಡಲೆಕಾಯಿ ಬೇಯುವ ವಾಸನೆ, ಸಿಪ್ಪೆಗೆ ಅಂಟಿದ ಕೆಮ್ಮಣ್ಣು ಬಿಸಿನೀರಿಗೆ ಬಿಡುವ ವಾಸನೆ, ಕಿಟಕಿಯಿಂದ ಒಳಗೆ ಬಂತು. ನನಗೆ ಮೊದಲು ನೆನಪಾದದ್ದು ಈ ಸಾಲುಗಳು. ಅವು ಒಂದು ಕಂಪ್ಯೂಟರಿನ ಕಡತದಲ್ಲಿದ್ದವು. ಬಳಸುವವರು ತಮಗೆ ಬೇಕಾದಂತೆ ಮಾಡಿಕೊಂಡ ಆಯ್ಕೆಗಳನ್ನೆಲ್ಲ ತಂತ್ರಾಂಶ ನೆನಪಿಟ್ಟುಕೊಳ್ಳುವ ಸಣ್ಣ ಕಡತ ಅದು. ಅಂಥ ಕಡತಗಳನ್ನು ಅಳಿಸುವುದೇ ಆ ವರ್ಷ ನನ್ನ ಉದ್ಯೋಗವಾಗಿತ್ತು.

ಎಂ.ಎಸ್ಸಿ. ಮುಗಿಸಿ ತುಮಕೂರಿನ ಒಂದು ಸಣ್ಣ ಕಂಪನಿಗೆ ಸೇರಿದ್ದೆ. ಕನ್ನಡದಲ್ಲಿ ಕ್ರಯಪತ್ರ, ಲಗ್ನಪತ್ರಿಕೆ, ಕರಪತ್ರಗಳನ್ನು ಸಿದ್ಧಪಡಿಸುವ ತಂತ್ರಾಂಶ ನಮ್ಮದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಕಡೆ ಅದನ್ನು ಕೊಂಡ ಅಂಗಡಿಗಳಿದ್ದವು. ಅವರಿಗೆ ತೊಂದರೆಯಾದಾಗ ಫೋನಿನಲ್ಲಿ ಹೇಳಿಕೊಡುವುದು, ಆಗದಿದ್ದರೆ ಬಸ್ಸು ಹತ್ತಿ ಹೋಗುವುದು. ಅದಕ್ಕೆ ಅನುಕೂಲವೆಂದು ಆಷಾಢದಲ್ಲಿ ಮಧುಗಿರಿಯ ಒಂದು ಮಹಡಿಯ ಮೇಲಿನ ಬಾಡಿಗೆ ಕೋಣೆಗೆ ಬಂದೆ. ಆಗ ಮಳೆಯಿರಲಿಲ್ಲ, ಗಾಳಿ ಮಾತ್ರ. ಬೆಟ್ಟಕ್ಕೆ ಬಡಿದು ತಿರುಗಿ ಬರುವ ಗಾಳಿ ಇಡೀ ಊರಿನ ಧೂಳನ್ನು ನನ್ನ ಕಿಟಕಿಗೆ ತಂದು ಸುರಿಯುತ್ತಿತ್ತು. ಶ್ರಾವಣದಲ್ಲಿ ಎರಡು ಹದ ಮಳೆ ಬಿದ್ದು, ಬಸ್ಸಿನ ಎರಡೂ ಬದಿಗೆ ಕಡಲೆಕಾಯಿ ಹೊಲಗಳು ಹಸಿರಾದವು.

ತಂತ್ರಾಂಶ ಕೈಕೊಟ್ಟರೆ ಹತ್ತರಲ್ಲಿ ಒಂಬತ್ತು ಸಲ ಮದ್ದು ಒಂದೇ. ಅದನ್ನು ತೆರೆಯುವಾಗ ಶಿಫ್ಟ್ ಕೀ ಒತ್ತಿ ಹಿಡಿಯಬೇಕು. ಆಯ್ಕೆಗಳನ್ನೆಲ್ಲ ಮೊದಲಿನಂತೆ ಮಾಡಬೇಕೇ ಎಂದು ಅದು ಕೇಳುತ್ತದೆ. ಹೌದು ಎಂದರೆ ಮುಗಿಯಿತು. ಆದರೆ ಆ "ಹೌದು" ಒತ್ತುವುದಕ್ಕೆ ಎಲ್ಲರಿಗೂ ಭಯ. "ಮೇಡಮ್, ಮೊತ್ತಂ ಪೋತುಂದಾ, ಎಲ್ಲಾ ಹೋಗ್ಬಿಡುತ್ತಾ? ನಾನೇನೂ ಮುಟ್ಟಿಲ್ಲ, ದೇವರಾಣೆ," ಎಂದು ಪಾವಗಡದ ಸ್ಟುಡಿಯೋದವರು ಅರ್ಧ ತೆಲುಗಿನಲ್ಲಿ ಅಂಗಲಾಚುತ್ತಿದ್ದರು. ಶಿರಾದ ಮುದ್ರಣಾಲಯದ ಹಿರಿಯರೊಬ್ಬರು, "ಪೂರಾ ಬಿಗಡ್ ಗಯಾ ಬೇಟಿ, ಏನಾದ್ರೂ ಔಷಧ ಹೇಳಮ್ಮ," ಎನ್ನುತ್ತಿದ್ದರು. ಇನ್ನೊಬ್ಬರು ಶಿಫ್ಟ್ ಕೀ ಒತ್ತಿ ಹಿಡಿದು, ನಾನು ಮುಂದಿನದನ್ನು ಹೇಳುವಷ್ಟರಲ್ಲೇ, "ಬೆರಳು ನೋಯ್ತೈತೆ ಕಣಮ್ಮ, ಬುಡ್ಲಾ?" ಎಂದಿದ್ದರು. ನೀವು ಬರೆದ ಪತ್ರಗಳು ಎಲ್ಲೂ ಹೋಗುವುದಿಲ್ಲ, ಕೂರುವ ಕುರ್ಚಿಯ ಎತ್ತರವನ್ನು ಮಾತ್ರ ಹೊಸದಾಗಿ ಸರಿಮಾಡಿಕೊಳ್ಳಬೇಕಾಗುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಆ ಮಾತು ಎಲ್ಲರಿಗೂ ಅರ್ಥವಾಗುತ್ತಿತ್ತು.

ಕಡತ ಯಾಕೆ ಇಷ್ಟು ಸಲ ಕೆಡುತ್ತದೆ ಎಂಬುದು ಕೆಲವು ಸಂಜೆಗಳನ್ನು ಅಂಗಡಿಗಳಲ್ಲಿ ಕಳೆದ ಮೇಲೆ ತಿಳಿಯಿತು. ಬಾಗಿಲು ಹಾಕುವ ಹೊತ್ತಿಗೆ ಮಾಲೀಕರು ದೇವರ ಪಟಕ್ಕೆ ಊದುಬತ್ತಿ ಬೆಳಗಿ, ಗಲ್ಲಾಪೆಟ್ಟಿಗೆಗೂ ಕಂಪ್ಯೂಟರಿಗೂ ಹೊಗೆ ತೋರಿಸಿ, ಕೈಮುಗಿದು, ಅದೇ ಕೈಯಲ್ಲಿ ಗೋಡೆಯ ಮೇನ್ ಸ್ವಿಚ್ ಎಳೆದುಬಿಡುತ್ತಿದ್ದರು. ತೆರೆದಿದ್ದ ತಂತ್ರಾಂಶ ತನ್ನ ಕಡತವನ್ನು ಅರ್ಧ ಬರೆಯುತ್ತಿರುವಾಗಲೇ ಸಾಯುತ್ತಿತ್ತು. ಪೂಜೆಗೆ ಮುಂಚೆ ಅದನ್ನು ಮುಚ್ಚಿ ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ಆಗಲಿ ಎಂದರು.

ಸರ್ವಮಂಗಳಕ್ಕನ ಪರಿಚಯವಾದದ್ದು ಹೀಗೆ ಹೇಳುತ್ತ ತಿರುಗಾಡುವಾಗಲೇ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಶೀಟು ಹೊದಿಸಿದ ಕೋಣೆಗಳ ಸಾಲಿದೆ. ಅದರಲ್ಲಿ ಒಂದು ಅವರ ಮೈದುನ ರುದ್ರಸ್ವಾಮಿಯವರದು. ಪತ್ರ ಬರೆಯುವ ಲೈಸೆನ್ಸ್ ರುದ್ರಸ್ವಾಮಿಯವರ ಹೆಸರಿನಲ್ಲಿತ್ತು, ಪತ್ರ ಬರೆಯುತ್ತಿದ್ದವರು ಸರ್ವಮಂಗಳಕ್ಕ. ಪಟ್ಟನಾಯಕನಹಳ್ಳಿ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡಾಗ ಮನೆಯವರ ಹತ್ತಿರ ಅವರು ಕೇಳಿದ್ದು ಒಂದೇ, ಆ ಕೋಣೆಯಲ್ಲಿ ಗಂಡ ಕೂರುತ್ತಿದ್ದ ಕುರ್ಚಿ. ಕಕ್ಷಿದಾರರು ಬಾಯಲ್ಲಿ ಹೇಳಿದ್ದನ್ನು ಕೇಳಿಕೊಂಡು ನೇರವಾಗಿ ಕೀಲಿಮಣೆಯ ಮೇಲೆ ಬರೆಯುತ್ತಿದ್ದರು. ಪಹಣಿಯ ಸರ್ವೆ ನಂಬರುಗಳನ್ನು ರುದ್ರಸ್ವಾಮಿ ಓದಿ ಹೇಳಬೇಕು. ಅದೇನೋ ಆ ಕೋಣೆಯ ಪದ್ಧತಿ ಎಂದು ನಾನೂ ತಿಳಿದುಕೊಂಡಿದ್ದೆ. ಅತ್ತಿಗೆ ಬರೆದ ಪತ್ರಕ್ಕೆ ಅವರು ಓದದೆಯೇ ಸಹಿ ಹಾಕುತ್ತಿದ್ದರು. ಅಷ್ಟು ವರ್ಷದಲ್ಲಿ ಒಂದೂ ತಪ್ಪು ಬಂದಿರಲಿಲ್ಲ.

ಹಸ್ತಾ ಮಳೆ ಶುರುವಾಗುವ ಮುನ್ನಾದಿನ ಅವರ ಫೋನ್ ಬಂತು. ಹೋದೆ.

"ಬೆಳಿಗ್ಗೆಯಿಂದ ಬಾಯೇ ತೆಗೀತಿಲ್ಲ ಕಣಮ್ಮ. ಇಂಗೆ ಬಂದಂಗಾಗಿ ಅಂಗೇ ಹೊಂಟೋಗ್ತೈತೆ."

"ನಿನ್ನೆ ಮೇನ್ ಎಳೆಯೋಕೆ ಮುಂಚೆ ಮುಚ್ಚಿದ್ರಾ ಅಕ್ಕ?"

"ನಮ್ ಮೈದ ಪೂಜೆಗೆ ನಿಂತ್ರೆ ಯಾರ್ ಬಂದ್ರೂ ಕಾಯಲ್ಲ. ಗಂಟೆ ಬಾರ್ಸಿದ್ದೇ ತಡ, ಟಕ್ಕಂತ ಎಳ್ದ."

"ಹೂಂ, ದೇವ್ರಿಗೆ ಕೈ ಮುಗಿಯೋದೂ ನನ್ನದೇ ತಪ್ಪು, ಬರ್ಕಳಿ ಮೇಡಂ," ಎಂದು ರುದ್ರಸ್ವಾಮಿ ಮೂಲೆಯಿಂದ ಹೇಳಿದರು.

ಅಳಿಸುವ ಮುಂಚೆ ಕಡತವನ್ನು ತೆರೆದು, ಓದಲು ಸಿಕ್ಕಷ್ಟನ್ನು ಬರೆದುಕೊಳ್ಳುವುದು ನನ್ನ ಅಭ್ಯಾಸ. ಆಗ ಕಂಡದ್ದೇ ಆ ಸಾಲುಗಳು. ಎಪ್ಪತ್ತೆರಡು ಎಂದರೆ ಪರದೆಯ ಮೇಲೆ ಒಂದು ಸಲಕ್ಕೆ ನಾಲ್ಕೈದು ಪದ ಕಂಡರೆ ಹೆಚ್ಚು.

"ಅಕ್ಕ, ಅಕ್ಷರ ಇಷ್ಟು ದೊಡ್ಡದಾಗಿ ಇಟ್ಕೊಂಡಿದೀರಲ್ಲ," ಎಂದು ದನಿ ತಗ್ಗಿಸಿ ಕೇಳಿದೆ.

"ಬೆಳಕು ಸಾಲಲ್ಲ ಕಣಮ್ಮ ಇಲ್ಲಿ, ಅದ್ಕೆ."

ಬಾಗಿಲ ಎದುರು ಬಿಸಿಲು ಬೆಳ್ಳಗೆ ಬಿದ್ದಿತ್ತು. ಅವರ ಮುಖ ನನ್ನ ಕಡೆಗಿತ್ತು, ನೋಟ ನನ್ನ ಕಿವಿಯ ಪಕ್ಕಕ್ಕಿತ್ತು. ನಾನು ಯಾರ ಸ್ವಂತ ವಿಷಯವನ್ನೂ ಕೆದಕುವವಳಲ್ಲ, ನನ್ನದನ್ನೂ ಹೇಳುವವಳಲ್ಲ. ಮುಂದಿನ ಪ್ರಶ್ನೆಗೆ ಹೋದೆ.

"ಕೀಗಳನ್ನ ಏನಾದ್ರೂ ಬದಲಾಯಿಸಿಕೊಂಡಿದ್ರಾ?"

"ಇಲ್ಲಪ್ಪ. ಮೇಲಿನ ಸಾಲಲ್ಲಿ ದಿಕ್ಕು ಅವೆ. ಅದು ನಿಮ್ ಕಂಪನಿಯೋರು ಕೊಟ್ಟಂಗೇ ಐತೆ."

ಅದು ನಿಜವೆಂದೇ ನನಗೂ ಅನ್ನಿಸಿತು. ಜಮೀನಿನ ಪತ್ರಕ್ಕೆ ಚೆಕ್ಕುಬಂದಿ ಬೇಕೇ ಬೇಕು. ಹೊಲದ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವ ಭಾಗ ಅದು. ಅದಕ್ಕಾಗಿ ನಮ್ಮ ತಂತ್ರಾಂಶದಲ್ಲಿ ಮೇಲಿನ ಸಾಲಿನ ನಾಲ್ಕು ಕೀಗಳಿಗೆ ದಿಕ್ಕುಗಳ ಹೆಸರನ್ನು ಮೊದಲೇ ಕೊಟ್ಟಿದ್ದರು. ಒಂದನ್ನು ಒತ್ತಿದರೆ "ಪೂರ್ವಕ್ಕೆ" ಎಂಬ ಪದ ಇಡಿಯಾಗಿ ಬೀಳುತ್ತದೆ.

ರೀಸೆಟ್ ಮಾಡಿದೆ. ಬೆಳ್ಳಗಿನ ಪರದೆಯ ಮೇಲೆ ಸಣ್ಣ ಕಪ್ಪು ಅಕ್ಷರಗಳು ಬಂದವು. ಸರ್ವಮಂಗಳಕ್ಕ ಕುರ್ಚಿಯ ಕೈಯನ್ನು ಹಿಡಿದುಕೊಂಡರು. ನಾನು ಬೇಗಬೇಗ ಕಪ್ಪು, ಹಳದಿ, ಎಪ್ಪತ್ತೆರಡು ಎಲ್ಲವನ್ನೂ ವಾಪಸ್ ಇಟ್ಟೆ. ಎಲ್ಲ ಕೀಗಳನ್ನೂ ಒಂದು ಸಲ ಒತ್ತಿ ನೋಡಿಕೊಳ್ಳಿ ಎಂದೆ.

"ನೋಡ್ಕಂತೀನಿ ಬುಡು," ಎಂದರು.

ಮಾರನೇ ದಿನ ಬೆಳಗಿನಿಂದಲೇ ಮಳೆ ಹಿಡಿಯಿತು. ಕಿತ್ತು ಹೊಲದಲ್ಲೇ ಬಿಟ್ಟ ಕಡಲೆಗಿಡ ನೆನೆಯುತ್ತದೆಂದು ನಿಲ್ದಾಣದಲ್ಲಿದ್ದವರೆಲ್ಲ ಆಕಾಶ ನೋಡುತ್ತಿದ್ದರು. ಕೊರಟಗೆರೆಯಲ್ಲಿ ಒಂದು ಪ್ರೆಸ್ಸಿನವರು ನನಗಾಗಿ ಕಾಯುತ್ತಿದ್ದರು. ನಾಳೆ ಬರುತ್ತೇನೆ ಎಂದು ಅವರಿಗೆ ಫೋನ್ ಮಾಡಿ, ಮಳೆ ನಿಲ್ಲುವ ತನಕ ಇರೋಣವೆಂದು ಕೊಡೆಯಿಲ್ಲದೆ ಓಡಿ ರುದ್ರಸ್ವಾಮಿಯವರ ಕೋಣೆಗೆ ಹೊಕ್ಕೆ.

ಒಳಗೆ ಮಿಡಿಗೇಶಿ ಕಡೆಯ ಅಕ್ಕ ತಮ್ಮ ಕೂತಿದ್ದರು. ಕುರಿ ಸಾಕುವವರು. ಅಕ್ಕ ಕೆಂಚಮ್ಮ, ತಮ್ಮ ಕರಿಯಣ್ಣ. ತಂದೆಯ ಹೊಲವನ್ನು ಎರಡು ಭಾಗ ಮಾಡಿಕೊಂಡು ವಿಭಾಗ ಪತ್ರ ಬರೆಸಲು ಬಂದಿದ್ದರು. ಬಡಗಲ, ಅಂದರೆ ಉತ್ತರದ ಭಾಗ ಅಕ್ಕನಿಗೆ, ತೆಂಕಲ ಭಾಗ ತಮ್ಮನಿಗೆ. ಕೆಂಚಮ್ಮನಿಗೆ ಬೇಕಾದದ್ದು ಒಂದೇ ಮಾತು ಎಂದು ಅವರು ಮತ್ತೆ ಮತ್ತೆ ಹೇಳಿದ್ದರಿಂದ ನನಗೂ ತಿಳಿಯಿತು. ಅವರ ಭಾಗದ ಉತ್ತರಕ್ಕೆ ಬಂಡಿ ದಾರಿಯಿದೆ, ಅದು ಕಾಗದದಲ್ಲಿ ಬರಬೇಕು.

"ಇವ್ನು ನನ್ ತಮ್ಮ, ಇವತ್ತು ಒಳ್ಳೇನೇ ಅವ್ನೆ. ನಾಳೆ ಸೊಸೇರು ಬತ್ತಾರೆ. ದಾರಿ ಇಲ್ದಿದ್ರೆ ನನ್ ಕುರಿ ಏನು ಹಾರ್ಕಂಡ್ ಹೋಗ್ತವಾ?" ಎಂದರು ಕೆಂಚಮ್ಮ.

"ನಿನ್ ಕುರಿ ಹಾರಿದ್ರೂ ಹಾರ್ತಾವೆ, ನಿನ್ನಂಗೇ ಅವು," ಎಂದ ಕರಿಯಣ್ಣ. ಎಲ್ಲರೂ ನಕ್ಕರು.

ಪತ್ರ ಮುದ್ರಣವಾಗಿ ಬಂತು. ಸಹಿಗೆ ಮುಂಚೆ ಪತ್ರವನ್ನು ಕಕ್ಷಿದಾರರಿಗೆ ಓದಿ ಹೇಳುವುದು ಎಲ್ಲ ಕಡೆಯೂ ಇರುವ ಕ್ರಮ. ಹಲವರು ಗೊಣಗೊಣ ಎಂದು ಮುಗಿಸುತ್ತಾರೆ. ಸರ್ವಮಂಗಳಕ್ಕ ಹಾಗಲ್ಲ. ಎದ್ದು ನಿಂತು, ಸೆರಗನ್ನು ಹೆಗಲ ಮೇಲೆ ಹೊದ್ದು, ಕಾಗದವನ್ನು ಎದೆಯ ಎತ್ತರಕ್ಕೆ ಹಿಡಿದು, ಒಂದೊಂದು ಪದವನ್ನೂ ಬಿಡಿಸಿ ಓದುತ್ತಿದ್ದರು. ಕೋಣೆಯೊಳಗೆ ಯಾರೂ ಕೆಮ್ಮುತ್ತಿರಲಿಲ್ಲ. ಶೀಟಿನ ಮೇಲೆ ಬೀಳುವ ಮಳೆಯನ್ನು ಮೀರಿ ಅಂದು ಅವರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಕೆಂಚಮ್ಮ ಕಣ್ಣು ಮುಚ್ಚಿ, ಬೆರಳು ಮಡಚುತ್ತ ಕೇಳುತ್ತಿದ್ದರು. ನಾನು ಜಾಗವಿಲ್ಲದೆ ಸರ್ವಮಂಗಳಕ್ಕನ ಹೆಗಲ ಹಿಂದೆಯೇ ನಿಂತಿದ್ದೆ.

"ಪೂರ್ವಕ್ಕೆ ಗಿಡ್ಡಪ್ಪನವರ ಜಮೀನು. ಪಶ್ಚಿಮಕ್ಕೆ ಗೋಮಾಳ. ಉತ್ತರಕ್ಕೆ ಬಂಡಿ ದಾರಿ. ದಕ್ಷಿಣಕ್ಕೆ ಕರಿಯಣ್ಣನವರ ಹಿಸ್ಸೆ."

ಕಾಗದದಲ್ಲಿ ಹಾಗಿರಲಿಲ್ಲ. ಪೂರ್ವ ಸರಿಯಿತ್ತು. ಗೋಮಾಳ ದಕ್ಷಿಣಕ್ಕೆ ಹೋಗಿತ್ತು. ಬಂಡಿ ದಾರಿ ಪಶ್ಚಿಮಕ್ಕೆ ಹೋಗಿತ್ತು. ಕೆಂಚಮ್ಮನ ಹೊಲದ ಉತ್ತರಕ್ಕೆ ತಮ್ಮನ ಜಮೀನು ಬಂದು ಕೂತಿತ್ತು.

ಏನಾಯಿತೆಂದು ನನಗೆ ಕೂಡಲೇ ಹೊಳೆಯಿತು. ಇಲ್ಲಿ ಪತ್ರ ಬರೆಯುವವರು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಕ್ರಮದಲ್ಲೇ ಬರೆಯುವುದು. ನಮ್ಮ ಕಂಪನಿಯಲ್ಲಿ ಜಮೀನಿನ ಪತ್ರವನ್ನೇ ನೋಡದ ಯಾರೋ ಕೀಗಳನ್ನು ಪ್ರದಕ್ಷಿಣೆಯ ಹಾಗೆ ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ಎಂದು ಜೋಡಿಸಿದ್ದರು. ಮೊದಲ ಸಲ ಕಂಪ್ಯೂಟರ್ ಕೊಟ್ಟುಹೋದವರು ಯಾವತ್ತೋ ಇವರಿಗಾಗಿ ಅದನ್ನು ತಿದ್ದಿ ಕೊಟ್ಟಿರಬೇಕು. ಸರ್ವಮಂಗಳಕ್ಕನ ಪಾಲಿಗೆ ಕೀಗಳು ಹುಟ್ಟಿದ್ದೇ ಹಾಗೆ. ರೀಸೆಟ್ ಆದ ಮೇಲೆ ಅವು ತಮ್ಮ ಹಳೆಯ ಜಾಗಕ್ಕೆ ಮರಳಿದ್ದವು. ಬೆರಳುಗಳು ಮಾತ್ರ ಎಂದಿನಂತೆ ಒತ್ತಿದ್ದವು. ಅಷ್ಟು ದೊಡ್ಡ ಅಕ್ಷರವೂ ಅವರ ಕಣ್ಣಿಗೆ ಸಾಲದಾಗಿತ್ತು. ಈಗ ಅವರು ಓದುತ್ತಿರಲಿಲ್ಲ. ಕಾಗದವನ್ನು ಹಿಡಿದು, ಪುಟ ತಿರುಗಿಸಬೇಕಾದಲ್ಲಿ ತಿರುಗಿಸಿ, ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಿದ್ದರು.

ರುದ್ರಸ್ವಾಮಿ ಇಂಕಿನ ಪ್ಯಾಡ್ ಮುಂದಿಟ್ಟಿದ್ದರು. ಕೆಂಚಮ್ಮ ಹೆಬ್ಬೆಟ್ಟಿಗೆ ಇಂಕು ಹಚ್ಚಿಕೊಂಡೂ ಆಗಿತ್ತು.

"ಒಂದ್ನಿಮಿಷ," ಎಂದೆ. "ಪ್ರಿಂಟ್ ಸರಿಯಾಗಿ ಬಂದಿಲ್ಲ. ನಮ್ಮ ಸಾಫ್ಟ್‌ವೇರ್‌ದು ತಪ್ಪು. ಇನ್ನೊಂದು ತೆಗೆಯೋಣ."

ಕೆಂಚಮ್ಮ ಕಣ್ಣು ಬಿಟ್ಟು ನನ್ನನ್ನು ನೋಡಿದರು. "ಯಾವ ತಪ್ಪು? ಈಗ ಓದುದ್ರಲ್ಲ, ಎಲ್ಲಾ ಸರಿಯಾಗೇ ಐತೆ."

"ಓದಿದ್ದು ಸರಿ ಇದೆ. ಕಾಗದದಲ್ಲಿ..."

"ಓದಿದ್ದು ಸರಿ ಆದ್ಮ್ಯಾಕೆ ಕಾಗದ ಹೆಂಗೆ ತಪ್ಪಾಯ್ತದೆ? ಕಾಗದ ನೋಡ್ಕಂಡೇ ತಾನೆ ಓದಿದ್ದು?" ಅವರು ಎದ್ದು ನಿಂತರು. "ನಾನು ಹೆಬ್ಬೆಟ್ಟು ಇರ್ಬೌದು, ಕಿವುಡಿ ಅಲ್ಲ. ಕೇಳಿಸ್ಕಂಡ ಕಾಗದನ ಬದ್ಲಾಯಿಸೋದು ಯಾಕೆ? ಲೇ ಕರಿಯ, ಇದೇನ್ಲಾ, ನೀನೇನಾದ್ರೂ ಯೋಳ್ಕೊಟ್ಟಿದ್ದೀಯಾ ಈ ಹುಡುಗಿಗೆ?"

"ನಮ್ಮಪ್ಪನಾಣೆ ಇಲ್ಲ ಕಣಕ್ಕ," ಎಂದ ಅವನು. ಅವನ ಮುಖ ಬಿಳಿಚಿಕೊಂಡಿತ್ತು.

ಕೆಂಚಮ್ಮ ಸರ್ವಮಂಗಳಕ್ಕನ ಕೈಯಿಂದ ಪತ್ರವನ್ನು ಕಿತ್ತುಕೊಂಡು ಸೆರಗಿನೊಳಗೆ ಒತ್ತಿಹಿಡಿದರು. ಇದೇ ಕಾಗದ, ಇದಕ್ಕೇ ಹೆಬ್ಬೆಟ್ಟು, ಬೇರೆಯದಕ್ಕೆ ಒತ್ತುವುದಿಲ್ಲ ಎಂದರು. ಅವರು ಹೇಳುವುದರಲ್ಲಿ ಯಾವ ತಪ್ಪೂ ಇರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಓದಿ ಹೇಳಿದ ಪತ್ರ ಬೇರೆ, ಬರೆದಿರುವ ಪತ್ರ ಬೇರೆ ಎಂದು ಅವರಿಗೆ ನಂಬಿಕೆ ಬರಬೇಕಾದರೆ ಹೇಳಬಹುದಾದ ಮಾತು ಒಂದೇ ಇತ್ತು. ಅದು ನಾನು ಹೇಳುವ ಮಾತಾಗಿರಲಿಲ್ಲ.

ಸರ್ವಮಂಗಳಕ್ಕ ಗೋಡೆಯ ಕಡೆ ಮುಖ ಮಾಡಿದ್ದರು. "ಏನಂತ ಬಿದ್ದೈತೆ ಕಣಮ್ಮ ಅದ್ರಲ್ಲಿ?" ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರ ಬಲಗೈ ಗಾಳಿಯಲ್ಲೇ ಮೇಲಿನ ಸಾಲಿನ ಕೀಗಳನ್ನು ಒಂದೊಂದಾಗಿ ಒತ್ತಿತು. ಆಮೇಲೆ ಕೆಂಚಮ್ಮನ ಕಡೆ ತಿರುಗಿದರು.

"ತಾಯಿ, ಆ ಕಾಗದ ಕೊಡು. ಅದ್ರಲ್ಲಿ ನಿನ್ ದಾರಿ ಇಲ್ಲ. ನಾನು ಓದ್ಲಿಲ್ಲ. ನೀನು ಹೇಳಿದ್ದೆಲ್ಲ ತಲೇಲಿತ್ತು, ಅದ್ನ ಒಪ್ಪಿಸ್ದೆ. ನಂಗೆ ಕಣ್ಣು ಕಾಣಾಕಿಲ್ಲ."

ರುದ್ರಸ್ವಾಮಿ ಪ್ಯಾಡಿನ ಮುಚ್ಚಳ ಹಿಡಿದುಕೊಂಡೇ ಕೂತಿದ್ದರು.

"ಯಾವಾಗಿಂದ ಅತ್ತಿಗೆ?"

"ಹೋದ್ ವರ್ಷದಿಂದ. ಈಚೀಚೆಗೆ ಜಾಸ್ತಿ."

"ಅಷ್ಟೂ ಪತ್ರಕ್ಕೆ ನಾನು ಸಹಿ ಹಾಕಿದೀನಲ್ಲ," ಎಂದರು ರುದ್ರಸ್ವಾಮಿ. ಸಿಟ್ಟಿಗಿಂತ ಹೆದರಿಕೆಯೇ ಆ ದನಿಯಲ್ಲಿ ಹೆಚ್ಚಾಗಿತ್ತು.

ಕೆಂಚಮ್ಮ ಪತ್ರವನ್ನು ಸೆರಗಿನಿಂದ ತೆಗೆದರು. ಸರ್ವಮಂಗಳಕ್ಕನ ಮುಖದ ಮುಂದೆ ಇಂಕಿನ ಹೆಬ್ಬೆಟ್ಟನ್ನು ಮೆಲ್ಲಗೆ ಆಡಿಸಿದರು. ಆ ಕಣ್ಣುಗಳು ಅದರ ಜೊತೆ ಹೋಗಲಿಲ್ಲ.

"ಅಯ್ಯೋ ನಮ್ಮವ್ವ," ಎಂದರು. ಆಮೇಲೆ ಸ್ಟೂಲನ್ನು ಎಳೆದುಕೊಂಡು ಕೂತರು. "ಸರಿ, ಬಾಯಲ್ಲಿ ಹೇಳಿದ್ಯಲ್ಲ, ಅದ್ರಲ್ಲಿ ತಪ್ಪಿರ್ಲಿಲ್ಲ. ಅಂಗೇ ಇನ್ನೊಂದ್ ಕಿತ ಹೇಳು. ಈ ಹುಡುಗಿ ಬರ್ಕಳ್ಳಿ. ಆಮ್ಯಾಕೆ ಅವ್ನು ಓದ್ಲಿ, ಬೀದೀಲಿ ಹೋಗೋನ್ ಯಾರ್ನಾದ್ರೂ ಕರೆದು ಓದುಸ್ತೀನಿ. ಎಲ್ಡೂ ಒಂದೇ ಬಂದ್ರೆ ಒತ್ತುತೀನಿ."

ಹಾಗೇ ಆಯಿತು. ಸರ್ವಮಂಗಳಕ್ಕ ಹೇಳಿದರು, ನಾನು ಬರೆದೆ. ರುದ್ರಸ್ವಾಮಿ ಓದಿದರು, ಕೆಂಚಮ್ಮ ಪಕ್ಕದ ಜೆರಾಕ್ಸ್ ಅಂಗಡಿಯವರನ್ನು ಕರೆಸಿ ಮತ್ತೆ ಓದಿಸಿದರು. ಉತ್ತರಕ್ಕೆ ಬಂಡಿ ದಾರಿ ಎಂಬುದು ಎರಡು ಸಲವೂ ಬಂತು. ಹೆಬ್ಬೆಟ್ಟು, ಸಹಿ ಮುಗಿಸಿ ಎಲ್ಲರೂ ನೋಂದಣಿಗೆ ಎದುರಿನ ಕಚೇರಿಗೆ ಹೋದರು. ಕೋಣೆಯಲ್ಲಿ ಸರ್ವಮಂಗಳಕ್ಕ ಮತ್ತು ನಾನು ಮಾತ್ರ ಉಳಿದೆವು.

ಸಕ್ಕರೆ ಕಾಯಿಲೆ, ಅದು ಕಣ್ಣಿಗೆ ಇಳಿದಿದೆ ಎಂದು ತುಮಕೂರಿನ ಡಾಕ್ಟರು ಹೋದ ವರ್ಷವೇ ಹೇಳಿದ್ದರಂತೆ. ಮತ್ತೆ ಮತ್ತೆ ಬಂದು ಲೇಸರ್ ಹೊಡೆಸಿಕೊಳ್ಳಬೇಕು ಎಂದಿದ್ದರಂತೆ. "ಮತ್ತೆ ಮತ್ತೆ ಹೋದ್ರೆ ಯಾಕೆ ಅಂತ ಕೇಳ್ತಾರಲ್ಲ. ಗೊತ್ತಾದ್ರೆ ಈ ಕುರ್ಚೀಲಿ ಯಾರ್ ಕೂರುಸ್ತಾರೆ?" ಎಂದರು. ಅತ್ತಂತೆ ಕಾಣಲಿಲ್ಲ. ಮೇಜಿನ ಮೇಲಿದ್ದ ತಮ್ಮ ಸ್ಟೀಲ್ ಲೋಟ, ನೀರಿನ ಬಾಟಲಿ, ಒಂದು ಪುಟ್ಟ ವಿಭೂತಿ ಕರಡಿಗೆಯನ್ನು ತಡವಿ ತೆಗೆದು ಚೀಲಕ್ಕೆ ಹಾಕಿಕೊಂಡರು. ಯಾರೂ ಅವರಿಗೆ ಹೋಗಿ ಎಂದಿರಲಿಲ್ಲ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ರುದ್ರಸ್ವಾಮಿ ಹಳೆಯ ಪತ್ರಗಳ ಪ್ರತಿಗಳನ್ನೆಲ್ಲ ತೆಗೆದು ಓದಿದರು, ಒಂದರಲ್ಲೂ ತಪ್ಪಿರಲಿಲ್ಲ. ಆದರೂ ಕಂಪ್ಯೂಟರಿಗೆ ಬೇರೆ ಹುಡುಗಿಯನ್ನು ಇಟ್ಟುಕೊಂಡರು. ಅದನ್ನು ತಪ್ಪೆನ್ನಲು ನನಗೆ ಸಾಧ್ಯವಾಗಿಲ್ಲ. ಕೀಗಳ ಕ್ರಮವನ್ನು ಬದಲಿಸಬೇಕೆಂದು ನಾನು ಕಂಪನಿಗೆ ಬರೆದೆ, ಮುಂದಿನ ಆವೃತ್ತಿಯಲ್ಲಿ ಬದಲಿಸಿದರು. ಸರ್ವಮಂಗಳಕ್ಕನ ಎಡಗಣ್ಣಿನ ದೃಷ್ಟಿ ಮರಳಲಿಲ್ಲ. ಬಲಗಣ್ಣಿನಲ್ಲಿ ಉಳಿದಿದ್ದಷ್ಟು ಉಳಿಯಿತು. ತೊಡಕಿನ ವಿಭಾಗ ಪತ್ರ ಬಂದಾಗ ರುದ್ರಸ್ವಾಮಿ ಕಕ್ಷಿದಾರರನ್ನು ಕರೆದುಕೊಂಡು ಅತ್ತಿಗೆಯ ಮನೆಗೆ ಹೋಗುತ್ತಾರಂತೆ. ಅವರು ಜಗಲಿಯಲ್ಲಿ ಕೂತು ಹೇಳುತ್ತಾರೆ, ಇವರು ಬರೆದುಕೊಳ್ಳುತ್ತಾರೆ.

ಕೆಂಚಮ್ಮನ ಪತ್ರವಾದ ಆ ಸಂಜೆ ಮಳೆ ನಿಂತ ಮೇಲೆ ಸರ್ವಮಂಗಳಕ್ಕನನ್ನು ಮನೆಯವರೆಗೆ ಬಿಟ್ಟುಬಂದೆ. ಬಾಗಿಲಲ್ಲಿ, "ನಾಳೆ ನೀನು ಕೊರಟಗೆರೆಗೆ ಹೋಗ್ಬೇಕಲ್ವಾ?" ಎಂದರು. ಹೂಂ ಎಂದೆ.

ಮರುದಿನ ಬೆಳಿಗ್ಗೆ ಎದ್ದು ಕಚೇರಿಗೆ ರಜೆ ಎಂದು ಸಂದೇಶ ಕಳಿಸಿ, ಅವರ ಮನೆಗೆ ಹೋಗಿ ಬಾಗಿಲು ತಟ್ಟಿದೆ. ಡಾಕ್ಟರ ಹಳೆಯ ಚೀಟಿ ಎಲ್ಲಿದೆ ಎಂದು ಕೇಳಿದೆ. ಅವರು ಅದನ್ನು ತಡವಿ ತೆಗೆದು ಕೊಟ್ಟರು. ತಲೆ ಬಾಚಿಕೊಂಡು, ಸೀರೆ ಬದಲಿಸಿ ಬಂದರು. ತುಮಕೂರಿನ ಬಸ್ಸಿನಲ್ಲಿ ಅವರನ್ನು ಕಿಟಕಿಯ ಪಕ್ಕ ಕೂರಿಸಲು ಹೋದೆ.

"ಕಿಟಕಿ ನಂಗ್ಯಾಕೆ, ನೀನು ಕೂತ್ಕ," ಎಂದರು.

ಕೂತೆ. ಬಸ್ಸು ಊರು ದಾಟಿತು. ಕಿಟಕಿಯಾಚೆ ಕಂಡದ್ದನ್ನು ಹೇಳತೊಡಗಿದೆ. ಈ ಕಡೆ ಹೊಲದಲ್ಲಿ ಕಡಲೆಗಿಡ ಕಿತ್ತು ರಾಶಿ ಹಾಕಿದ್ದಾರೆ, ಟಾರ್ಪಾಲು ಹೊದಿಸಿದ್ದಾರೆ. ಇಲ್ಲಿ ಇನ್ನೂ ಕಿತ್ತಿಲ್ಲ. ಬೆಟ್ಟದ ಅರ್ಧಕ್ಕೆ ಮೋಡ ಇಳಿದಿದೆ. ಹೆಂಗಸರು ಮೂವರು ಗೋಣಿಚೀಲ ಹೊದ್ದು ನಿಂತಿದ್ದಾರೆ, ಬಸ್ಸಿಗೆ ಕೈ ಅಡ್ಡ ಹಾಕುತ್ತಿದ್ದಾರೆ. ಅಷ್ಟೊಂದು ಮಾತನ್ನು ನಾನು ಯಾರ ಹತ್ತಿರವೂ ಒಂದೇ ಸಮನೆ ಆಡಿದವಳಲ್ಲ. ಕೊರಟಗೆರೆಯಲ್ಲಿ ಬಸ್ಸು ನಿಂತಿತು. ಪ್ರೆಸ್ಸಿನವರ ಫೋನ್ ಬಂತು, ತೆಗೆದುಕೊಳ್ಳಲಿಲ್ಲ, ಇಳಿಯಲೂ ಇಲ್ಲ. ಬಸ್ಸು ಮತ್ತೆ ಹೊರಟು ಹೊಳೆಯ ಸೇತುವೆ ಹತ್ತಿದಾಗ ಸರ್ವಮಂಗಳಕ್ಕ ನನ್ನ ಕಡೆಗೆ ವಾಲಿ, "ಹೊಳೇಲಿ ನೀರೈತಾ?" ಎಂದು ಕೇಳಿದರು.

ಇದೆ ಎಂದೆ. ಜಾಸ್ತಿ ಏನಿಲ್ಲ, ಕೆಂಪಗಿದೆ, ಹರೀತಿದೆ ಎಂದೆ.